ಈ ಊರಿನ ಖಾತೆ ಯಾರ ಹೆಸರಲ್ಲಿದೆ? ಡೆಡ್‌ವುಡ್ ನಾಟಕದವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಡೆಡ್‌ವುಡ್ ಊರಿನಲ್ಲಿ ಬೇಸಿಗೆಯ ಬೀದಿ ನಾಟಕ ನಡೆಸುವ ಹಿರಿಯರಿಗೆ ಮತ್ತು ಕಲಾವಿದರಿಗೆ,
ದಕ್ಷಿಣ ಡಕೋಟ, ಅಮೆರಿಕ

ಮಾನ್ಯರೇ,

ನಮಸ್ಕಾರ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ಕನ್ನಡದಲ್ಲೂ ಬರೆದು ಎಲ್ಲರ ಮುಂದೆ ಇಡುತ್ತಿರುವುದಕ್ಕೆ ಕಾರಣ ಇದೆ. ಜೂನ್ ಬಂತೆಂದರೆ ಸಾಕು, ಮಿನಿಯಾಪೊಲಿಸ್, ಶಿಕಾಗೊ, ಡೆನ್ವರ್ ಕಡೆಯ ನಮ್ಮ ಕನ್ನಡದವರು ದೊಡ್ಡ ವ್ಯಾನ್ ಬಾಡಿಗೆಗೆ ಹಿಡಿದು, ಊರಿಂದ ಬಂದ ಅಪ್ಪ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಡಬ್ಬಿಗಳಲ್ಲಿ ಚಪಾತಿ, ಪುಳಿಯೋಗರೆ ತುಂಬಿಕೊಂಡು ನಿಮ್ಮ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಕಡೆ ಹೊರಡುತ್ತಾರೆ. ಬೆಳಿಗ್ಗೆ ಮೌಂಟ್ ರಶ್‌ಮೋರ್, ಸಂಜೆ ಡೆಡ್‌ವುಡ್. ಎಲ್ಲರ ಫೋನಿನಲ್ಲೂ ಅದೇ ನಾಲ್ಕು ಕಲ್ಲಿನ ತಲೆ, ಅದೇ ಕೌಬಾಯ್ ಟೋಪಿ. ನಾವೂ ಹಾಗೇ ಬಂದವರು. ದೂರು ನಿಮ್ಮ ಹೆಸರಿಗೇ ಬರೆದಿದ್ದೇನೆ. ನಮ್ಮವರ ಕಿವಿಗೂ ಬೀಳಲಿ ಅಂತ ಸ್ವಲ್ಪ ಜೋರಾಗಿ ಓದುತ್ತಿದ್ದೇನೆ, ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ನಾಟಕ ಚೆನ್ನಾಗಿತ್ತು. ಸುಮ್ನೆ ಮುಖಸ್ತುತಿ ಅಲ್ಲ. ನಡುಬೀದಿಯಲ್ಲಿ ಗುಂಡಿನ ಕಾಳಗ ಶುರುವಾದಾಗ ನನ್ನ ಹತ್ತು ವರ್ಷದ ಮಗಳು ಕಿವಿ ಮುಚ್ಚಿಕೊಂಡು ಕುಣಿದಳು. ಬಿದ್ದ ಕಲಾವಿದ ಧೂಳು ಕೊಡವಿ ಎದ್ದು, ಅವಳ ಅಂಗಿಗೆ ತಗಡಿನ ಶೆರಿಫ್ ನಕ್ಷತ್ರ ಚುಚ್ಚಿ, ಟೋಪಿ ತೆಗೆದು ನಮಸ್ಕರಿಸಿದ. ಬಿಸಿಲಿನಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ದಿನಕ್ಕೆ ನಾಲ್ಕಾರು ಸಲ ಸಾಯುವುದು ಸುಲಭದ ಕೆಲಸ ಅಲ್ಲ. ಆ ಹುಡುಗರ ಮೇಲೆ ನನಗೆ ಗೌರವ ಇದೆ.

ನಮ್ಮ ಅಪ್ಪನಿಗೆ ಮಾತ್ರ ಬೇರೇನೋ ಆಯಿತು. ಹುಸಿ ಗುಂಡಿನ ಹೊಗೆ ಬೀದಿಯ ಮೇಲೆ ಹರಡಿದಾಗ ಅವರು ಮೂಗು ಅರಳಿಸಿ, "ಮದ್ದಿನ ವಾಸನೆ ಕಣಮ್ಮಾ" ಅಂದರು. ಮತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಪ್ಪ ಕೋಲಾರದ ಚಿನ್ನದ ಗಣಿಯವರು. ಚಾಂಪಿಯನ್ ರೀಫ್‌ನಲ್ಲಿ ಟಿಂಬರಿಂಗ್ ಕೆಲಸ. ಅಂದರೆ ನೆಲದಡಿ ಬಂಡೆ ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವುದು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಈ ತಾರೀಕು ನಮ್ಮ ಮನೆಯಲ್ಲಿ ಎಲ್ಲರ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿರುವ ತಾರೀಕು. ಇದನ್ನು ಇಲ್ಲಿ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ.

ಸಂಜೆ ವಿಚಾರಣೆಯ ನಾಟಕ. ಕಥೆ ನಿಮಗೆ ಬಾಯಿಪಾಠ, ಓದುಗರಿಗಾಗಿ ಹೇಳುತ್ತೇನೆ. 1876ರ ಆಗಸ್ಟ್ 2. ಹೆಸರಾಂತ ಬಂದೂಕುಗಾರ ವೈಲ್ಡ್ ಬಿಲ್ ಹಿಕಾಕ್ ಈ ಊರಿನ ಸಲೂನಿನಲ್ಲಿ ಇಸ್ಪೀಟು ಆಡುತ್ತಿದ್ದಾನೆ. ಜ್ಯಾಕ್ ಮೆಕಾಲ್ ಎನ್ನುವವನು ಹಿಂದಿನಿಂದ ಬಂದು ತಲೆಗೆ ಗುಂಡು ಹೊಡೆಯುತ್ತಾನೆ. ಆಗ ಹಿಕಾಕ್ ಕೈಯಲ್ಲಿದ್ದದ್ದು ಎಕ್ಕಗಳು ಮತ್ತು ಎಂಟುಗಳು ಅಂತ ಪ್ರತೀತಿ. ಮರುದಿನವೇ ಗಣಿಯವರೆಲ್ಲ ಸೇರಿ ತಮ್ಮದೇ ಒಂದು ಕೋರ್ಟು ಕಟ್ಟಿ ವಿಚಾರಣೆ ಮಾಡುತ್ತಾರೆ. ಅದು ನಡೆದದ್ದೂ ಒಂದು ನಾಟಕದ ಥಿಯೇಟರಿನಲ್ಲೇ ಅನ್ನುವುದು ನನಗೆ ಬಹಳ ಇಷ್ಟವಾದ ವಿವರ. ತನ್ನ ತಮ್ಮನನ್ನು ಹಿಕಾಕ್ ಕೊಂದಿದ್ದ, ಅದಕ್ಕೇ ಹೊಡೆದೆ ಅಂತ ಮೆಕಾಲ್ ಹೇಳಿದ. ನಂಬಿದರು, ಬಿಟ್ಟರು.

ನೀವು ಜ್ಯೂರಿಯನ್ನು ಪ್ರೇಕ್ಷಕರಿಂದಲೇ ಆರಿಸುತ್ತೀರಿ. ನಮ್ಮ ಹುಡುಗಿಯನ್ನೂ ಕರೆದಿರಿ. ಅವಳು ಎದೆಯ ಮೇಲಿನ ತಗಡಿನ ನಕ್ಷತ್ರ ನೇರ ಮಾಡಿಕೊಂಡು, ಕಾಲು ನೆಲಕ್ಕೆ ತಾಗದ ಕುರ್ಚಿಯಲ್ಲಿ ಕೂತು, ಸಾಕ್ಷಿಗಳು ಹೇಳಿದ್ದನ್ನೆಲ್ಲ ಪರೀಕ್ಷೆಗೆ ಕೂತವಳ ಹಾಗೆ ಕೇಳಿಸಿಕೊಂಡಳು. ಎಲ್ಲರೂ ನಗುತ್ತಿದ್ದರು. ಅವಳು ನಗಲಿಲ್ಲ. ಕೊನೆಗೆ "ತಪ್ಪಿತಸ್ಥ ಅಲ್ಲ" ಅಂತ ತೀರ್ಪು. ಚಪ್ಪಾಳೆ. ಆಮೇಲೆ ನಿರೂಪಕರು ಮುಂದೆ ಬಂದು ಒಂದೇ ಉಸಿರಿನಲ್ಲಿ ಹೇಳಿದರು: ಆಗ ಈ ಜಾಗ ಇಂಡಿಯನ್ ಟೆರಿಟರಿ, ಅದಕ್ಕೆ ಈ ಕೋರ್ಟಿಗೆ ಮಾನ್ಯತೆ ಇರಲಿಲ್ಲ, ಯಾಂಕ್ಟನ್‌ನಲ್ಲಿ ಮತ್ತೆ ವಿಚಾರಣೆ ಮಾಡಿ ಮೆಕಾಲ್‌ನನ್ನು ನೇಣಿಗೆ ಹಾಕಿದರು, ಬಂದದ್ದಕ್ಕೆ ಥ್ಯಾಂಕ್ಸ್, ಹೊರಗೆ ಟೀ ಶರ್ಟು ಸಿಗುತ್ತದೆ, ಗುಡ್ ನೈಟ್.

ನಾನು ಹತ್ತಿರ ಹತ್ತಿರ ಅವರ ಮಾತಿನಲ್ಲೇ ಬರೆದಿದ್ದೇನೆ. ಸುಳ್ಳು ಹೇಳಲಿಲ್ಲ ಅವರು. ನಿಜವನ್ನೇ ಹೇಳಿದರು, ಆದರೆ ಬಸ್ ಹೊರಟಾಗ ಕಂಡಕ್ಟರ್ ಚಿಲ್ಲರೆ ಎಸೆದ ಹಾಗೆ ಹೇಳಿದರು.

ಪಾರ್ಕಿಂಗ್ ಕಡೆ ನಡೆಯುವಾಗ ಮಗಳು ಕೇಳಿದಳು, "ಅಮ್ಮಾ, ನಾನು ಕೊಟ್ಟ ತೀರ್ಪು ಯಾಕೆ ಲೆಕ್ಕಕ್ಕಿಲ್ಲ?" ಅಪ್ಪನಿಗೆ 'ಇಂಡಿಯನ್' ಅನ್ನೋ ಪದ ಮಾತ್ರ ಕೇಳಿಸಿತ್ತು. "ನಮ್ಮ ಬಗ್ಗೆ ಏನೋ ಅಂದ್ರಲ್ಲ" ಅಂದರು. ನಾವಲ್ಲಪ್ಪಾ, ಇಲ್ಲಿನ ಮೂಲದವರು, ಲಕೋಟಾ ಜನ, ಆಗ ಈ ಬೆಟ್ಟಗಳು ಕಾಗದದಲ್ಲಿ ಅವರವು ಅಂತ ವಿವರಿಸಿದೆ. ಅಪ್ಪ ನಿಂತರು. "ಹಂಗಂದ್ರೆ ಈ ಊರಿನ ಖಾತೆ ಯಾರ ಹೆಸರಲ್ಲಿದೆ?"

ಗಣಿ ಕ್ವಾರ್ಟರ್ಸಿನಲ್ಲಿ ಬದುಕಿದ ಮನುಷ್ಯ, ಮನೆ ಯಾರ ಹೆಸರಲ್ಲಿದೆ ಅನ್ನುವ ಪ್ರಶ್ನೆಯ ಹಿಂದೆ ಎಷ್ಟೋ ವರ್ಷ ಕಚೇರಿ ಕಚೇರಿ ಅಲೆದವರು. ಅವರಿಗೆ ಬೇರೆ ಪ್ರಶ್ನೆ ಹೊಳೆಯುವುದೇ ಇಲ್ಲ. ಆದರೆ ಯೋಚಿಸಿ ನೋಡಿ, ಆ ಸಂಜೆ ಆ ಹಾಲಿನಲ್ಲಿ ಕೂತಿದ್ದವರಲ್ಲಿ ನಿಮ್ಮ ನಾಟಕದ ಗಂಟು ಎಲ್ಲಿದೆ ಅಂತ ಸರಿಯಾಗಿ ಹಿಡಿದವರು ಇಬ್ಬರೇ. ಇಂಗ್ಲಿಷ್ ಬಾರದ ಒಬ್ಬ ಅಜ್ಜ, ಕಾಲು ನೆಲಕ್ಕೆ ತಾಗದ ಒಬ್ಬ ಜ್ಯೂರಿ.

ಮೋಟೆಲಿಗೆ ಹೋಗಿ ಅವರಿಬ್ಬರಿಗೆ ಉತ್ತರ ಹೇಳಲು ಹುಡುಕಲು ಕೂತವಳು ನಾನು. ಒಂದು ರಾತ್ರಿಗೆ ಮುಗಿಯಲಿಲ್ಲ. ಮನೆಗೆ ಬಂದ ಮೇಲೂ ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಓದಿದ್ದರಲ್ಲಿ ಗುಟ್ಟು ಯಾವುದೂ ಇಲ್ಲ, ಎಲ್ಲ ನಿಮ್ಮದೇ ಸರ್ಕಾರದ, ನಿಮ್ಮದೇ ಕೋರ್ಟಿನ ದಾಖಲೆ. ನಿಮ್ಮ ವೇದಿಕೆಯ ಮೇಲೆ ಮಾತ್ರ ಅದಕ್ಕೆ ಜಾಗ ಇಲ್ಲ.

1868ರಲ್ಲಿ ಲಾರಮಿ ಕೋಟೆಯಲ್ಲಿ ಒಪ್ಪಂದ ಆಯಿತು. ಮಿಸೌರಿ ನದಿಯ ಪಶ್ಚಿಮಕ್ಕೆ ಇಂದಿನ ದಕ್ಷಿಣ ಡಕೋಟದ ಭಾಗ, ಬ್ಲ್ಯಾಕ್ ಹಿಲ್ಸೂ ಸೇರಿ, ಸೂ ಜನರದ್ದು (ಲಕೋಟಾದವರು ಇವರಲ್ಲೇ ಒಂದು ಪಂಗಡ); ಬೇರೆ ಯಾರೂ ಕಾಲಿಡುವಂತಿಲ್ಲ. ಮುಂದೆ ಯಾವತ್ತಾದರೂ ಈ ನೆಲ ಬಿಟ್ಟುಕೊಡಬೇಕಾದರೆ ಅವರ ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕಬೇಕು. ಇಷ್ಟು ಸ್ಪಷ್ಟವಾಗಿ ಬರೆದಿದ್ದ ಕಾಗದ. ನಮ್ಮೂರಿನ ಎಷ್ಟೋ ಪಹಣಿಗಳಿಗಿಂತ ಸ್ಪಷ್ಟ.

ಆರೇ ವರ್ಷ. 1874ರಲ್ಲಿ ಅಮೆರಿಕದ ಸೈನ್ಯಾಧಿಕಾರಿ ಕಸ್ಟರ್ ಸಾವಿರ ಜನರ ದಂಡು ಕಟ್ಟಿಕೊಂಡು ಬೆಟ್ಟಕ್ಕೆ ನುಗ್ಗಿದ, ಚಿನ್ನ ಸಿಕ್ಕಿತು ಅನ್ನುವ ಸುದ್ದಿ ಹೊರಗೆ ಬಂತು. ಮೊದಮೊದಲು ಸೈನ್ಯ ಗಣಿಯವರನ್ನು ಹಿಡಿದು ಹೊರಗೆ ಕಳಿಸುತ್ತಿತ್ತು. 1875ರಲ್ಲಿ ಸರ್ಕಾರ ಬೆಟ್ಟಗಳನ್ನು 60 ಲಕ್ಷ ಡಾಲರಿಗೆ ಕೊಳ್ಳಲು ನೋಡಿತು. ಲಕೋಟಾ ಜನ ಒಪ್ಪಲಿಲ್ಲ. ಆಮೇಲೆ ಅಧ್ಯಕ್ಷ ಗ್ರಾಂಟ್ ಸದ್ದಿಲ್ಲದೆ ಒಂದು ತೀರ್ಮಾನ ಮಾಡಿದರು. ಕಾಗದದಲ್ಲಿ ನಿಷೇಧ ಇರಲಿ, ಆದರೆ ಗಣಿಯವರನ್ನು ಇನ್ನು ಸೈನ್ಯ ತಡೆಯುವುದು ಬೇಡ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅನ್ನುತ್ತೇವಲ್ಲ, ಅದು. 1876ರ ವಸಂತದಲ್ಲಿ, ಒಣಗಿದ ಮರಗಳು ತುಂಬಿದ ಒಂದು ಕಂದರದಲ್ಲಿ, ನಿಮ್ಮ ಊರು ಎದ್ದು ನಿಂತಿತು. ಕೆಲವೇ ತಿಂಗಳಲ್ಲಿ ಸಾವಿರಾರು ಜನ. ಅಂಗಡಿ, ಸಲೂನು, ಥಿಯೇಟರು ಎಲ್ಲ ಬಂತು. ಬಾರದೆ ಇದ್ದದ್ದು ಕಾನೂನು ಒಂದೇ. ಕಾನೂನಿನ ಪ್ರಕಾರ ಅಲ್ಲಿ ಊರೇ ಇರಬಾರದಿತ್ತಲ್ಲ.

ನನ್ನ ದೂರಿನ ಹೂರಣ ಇದೇ. ನೀವು ದಿನಾ ಆಡುವ ಕಥೆ ಕಾಲೂರಿ ನಿಂತಿರುವುದೇ ನಿರೂಪಕರ ಆ 'ಇಂಡಿಯನ್ ಟೆರಿಟರಿ' ಅನ್ನುವ ಅರ್ಧ ವಾಕ್ಯದ ಮೇಲೆ. ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಸಲ ವಿಚಾರಣೆ ಮಾಡುವಂತಿಲ್ಲ. ಆದರೂ ಮೆಕಾಲ್‌ಗೆ ಎರಡನೇ ವಿಚಾರಣೆ ಆಯಿತು. ಯಾಕೆ? ಡೆಡ್‌ವುಡ್ ಇದ್ದದ್ದು ಬೇರೆಯವರ ನೆಲದಲ್ಲಿ, ಹಾಗಾಗಿ ಅಲ್ಲಿನ ಕೋರ್ಟು ಕೋರ್ಟೇ ಅಲ್ಲ ಅಂತ. ಅಂದರೆ ಒಬ್ಬ ಬಿಳಿಯನನ್ನು ನೇಣಿಗೆ ಹಾಕಬೇಕಾದಾಗ 'ಇದು ಇಂಡಿಯನ್ನರ ನೆಲ' ಅನ್ನುವುದು ಎಲ್ಲರಿಗೂ ಚೆನ್ನಾಗಿ ನೆನಪಾಯಿತು. ಅದೇ ನೆಲದಿಂದ ಚಿನ್ನ ತೆಗೆಯುವಾಗ ಯಾರಿಗೂ ನೆನಪಾಗಲಿಲ್ಲ.

ತಾರೀಕುಗಳನ್ನು ನೋಡಿ. ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಲಕೋಟಾ ಮತ್ತವರ ಜೊತೆಗಾರರ ಕೈಯಲ್ಲಿ ಕಸ್ಟರ್ ಸತ್ತದ್ದು 1876ರ ಜೂನ್ 25. ಆ ಸಿಟ್ಟಿನಲ್ಲಿ ಆಗಸ್ಟ್ 15ರಂದು ನಿಮ್ಮ ಕಾಂಗ್ರೆಸ್ ಒಂದು ಕಾನೂನು ಮಾಡಿತು: ಬೆಟ್ಟ ಬಿಟ್ಟುಕೊಡುವ ತನಕ ಸೂ ಜನರಿಗೆ ರೇಷನ್ ಬಂದ್. ಕಾಡೆಮ್ಮೆಯ ಬೇಟೆಯ ನೆಲ ಕೈತಪ್ಪುತ್ತಾ, ಊಟಕ್ಕೆ ಸರ್ಕಾರದ ಕೈ ನೋಡುವ ಸ್ಥಿತಿಗೆ ತಂದ ಮೇಲೆ ಈ ಮಾತು. ಸಹಿ ಹಾಕಿಸಲು ಒಂದು ತಂಡ ಹೋಯಿತು. ಮುಕ್ಕಾಲು ಪಾಲು ಬೇಕಿತ್ತು, ಸಿಕ್ಕಿದ್ದು ನೂರಕ್ಕೆ ಸುಮಾರು ಹತ್ತು. ಸಾಕು ಅಂದರು. 1877ರ ಫೆಬ್ರವರಿ 28ರಂದು ಕಾನೂನು ಮಾಡಿ ಬೆಟ್ಟಗಳನ್ನು ತೆಗೆದುಕೊಂಡರು.

ಮೆಕಾಲ್‌ನನ್ನು ಯಾಂಕ್ಟನ್‌ನಲ್ಲಿ ನೇಣಿಗೆ ಹಾಕಿದ್ದು 1877ರ ಮಾರ್ಚ್ 1.

ಒಂದು ದಿನದ ಅಂತರ. ಇದನ್ನು ಮೊದಲ ಸಲ ಗಮನಿಸಿದಾಗ ನಾನು ಅಡುಗೆಮನೆಯಲ್ಲಿ ಕೂತಿದ್ದೆ, ಒಲೆ ಮೇಲೆ ಹಾಲು ಉಕ್ಕಿ ಹೋಯಿತು. ಒಂದು ದಿನ ಇಡೀ ಬೆಟ್ಟಸಾಲನ್ನು ಹೊಟ್ಟೆಗೆ ಹೊಡೆದು ಬರೆಸಿಕೊಂಡರು, ಮರುದಿನ ಒಬ್ಬ ಕುಡುಕ ಕೊಲೆಗಾರನನ್ನು ಕಾನೂನುಬದ್ಧವಾಗಿ ನೇಣಿಗೇರಿಸಿದರು. ಎರಡನೆಯದು ನಿಮ್ಮ ನಾಟಕದಲ್ಲಿದೆ. ಮೊದಲನೆಯದು ಇಲ್ಲ. ಫೆಬ್ರವರಿ 28 ನಮ್ಮ ಮನೆಗೆ ಇನ್ನೊಂದು ಕಾರಣಕ್ಕೆ ನೆನಪಿರುವ ದಿನ ಅಂದೆನಲ್ಲ, ಅದಕ್ಕೇ ಇರಬೇಕು ನನ್ನ ಕಣ್ಣು ಅಲ್ಲೇ ನಿಂತದ್ದು.

ಇನ್ನೊಂದು ವಿಷಯ, ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಹಿಕಾಕ್ ಸತ್ತ ಆ ದಿನಗಳಲ್ಲೇ ಒಬ್ಬ ಸವಾರ ನಿಮ್ಮ ಇದೇ ಬೀದಿಯಲ್ಲಿ ಕುದುರೆ ಮೇಲೆ ಬಂದ. ಅವನ ಕೈಯಲ್ಲಿ ಕತ್ತರಿಸಿದ ಒಬ್ಬ ಇಂಡಿಯನ್ನನ ತಲೆ ಇತ್ತು. ಜನ ಅವನ ಸುತ್ತ ಮುತ್ತಿಕೊಂಡರು. ಇದು ನಿಮ್ಮ ಊರಿನ ಇತಿಹಾಸ ಬರೆದವರೇ ಬರೆದಿರುವುದು. ಮರುವರ್ಷ, 1877ರ ಬೇಸಿಗೆಯಲ್ಲಿ, ನಿಮ್ಮ ಕೌಂಟಿಯ ಕಮಿಷನರುಗಳು ಅಧಿಕೃತವಾಗಿಯೇ ಬಹುಮಾನ ಘೋಷಿಸಿದರು: ಹಿಡಿದು ತಂದ ಅಥವಾ ಕೊಂದು ತಂದ ಒಬ್ಬೊಬ್ಬ ಇಂಡಿಯನ್ನನಿಗೆ 250 ಡಾಲರ್. ಜೀವಂತವೋ ಹೆಣವೋ, ಎರಡಕ್ಕೂ ಒಂದೇ ರೇಟು.

ನಿಮ್ಮ ಬೀದಿಯಲ್ಲಿ ಈಗ ದಿನಕ್ಕೆ ನಾಲ್ಕಾರು ಹೆಣ ಬೀಳುತ್ತವೆ. ಎಲ್ಲ ಬಿಳಿಯರು, ಎಲ್ಲರೂ ಎದ್ದು ಮಕ್ಕಳ ಜೊತೆ ಫೋಟೊಗೆ ನಿಲ್ಲುತ್ತಾರೆ. ಜೂಜು, ಕುಡಿತ, ಒಬ್ಬರ ಮೇಲೊಬ್ಬರ ಹಗೆ. ನೋಡಿದವರಿಗೆ ಈ ಊರಿನಲ್ಲಿ ರಕ್ತ ಹರಿದದ್ದೇನಿದ್ದರೂ ಇಸ್ಪೀಟಿನ ಜಗಳಕ್ಕೆ ಅನ್ನಿಸಬೇಕು. ಹಿಕಾಕ್ ಆದರೂ ನಿಮ್ಮೂರಿನಲ್ಲಿ ಇದ್ದದ್ದೆಷ್ಟು? ಕೆಲವೇ ವಾರ. ಅವನಿಗೆ ಪ್ರತಿಮೆ ಇದೆ, ಗೋರಿ ಇದೆ, ಟೀ ಶರ್ಟೂ ಇದೆ.

ನೀವು ಏನು ಹೇಳಬಹುದು ಅಂತ ನನಗೆ ಅಂದಾಜಿದೆ. ನಮ್ಮವರೂ ಸತ್ತರು ಅನ್ನಬಹುದು. ನಿಜ. 1876ರ ಆಗಸ್ಟ್ 20ರಂದು ಪಾದ್ರಿ ಸ್ಮಿತ್ ಪಕ್ಕದ ಹಳ್ಳಿಗೆ ಬೋಧನೆ ಮಾಡಲು ಒಬ್ಬರೇ ನಡೆದು ಹೊರಟು ದಾರಿಯಲ್ಲೇ ಹತರಾದರು. ಅವರಿಗೂ ಸ್ಮಾರಕ ಇದೆ, ಇರಲಿ, ಇರಬೇಕಾದ್ದೇ. ಗಣಿಗೆ ಬಂದ ಬಡಪಾಯಿಗಳಲ್ಲಿ ಎಷ್ಟೋ ಜನ ಹೊಟ್ಟೆಪಾಡಿಗೆ ಬಂದವರು, ಒಪ್ಪಂದದ ಕಾಗದ ಕಣ್ಣಲ್ಲೂ ನೋಡಿರದವರು. ಅವರನ್ನೆಲ್ಲ ರಾಕ್ಷಸರು ಮಾಡಿ ಅಂತ ನಾನು ಕೇಳುತ್ತಿಲ್ಲ.

ಮಕ್ಕಳು ನೋಡುವ ನಾಟಕ, ಇದೆಲ್ಲ ಹೇಗೆ ತೋರಿಸುವುದು ಅನ್ನಬಹುದು. ತಲೆಗೆ ಹಿಂದಿನಿಂದ ಗುಂಡು ಹೊಡೆಯುವುದನ್ನು ತೋರಿಸುತ್ತೀರಲ್ಲ, ಆಗ ಮಕ್ಕಳು ಇರುವುದಿಲ್ಲವೇ? ಹತ್ತು ವರ್ಷದ ಹುಡುಗಿ ನನ್ನ ತೀರ್ಪು ಯಾಕೆ ಲೆಕ್ಕಕ್ಕಿಲ್ಲ ಅಂತ ಕೇಳಬಲ್ಲಳು ಅಂದರೆ, ಉತ್ತರ ಕೇಳಿಸಿಕೊಳ್ಳಬಲ್ಲಳು ಕೂಡ. ಮ್ಯೂಸಿಯಂನಲ್ಲಿ ಎಲ್ಲ ಇಟ್ಟಿದ್ದೇವೆ, ಬೇಕಾದವರು ಹೋಗಿ ನೋಡಲಿ ಅನ್ನುವುದು ಇನ್ನೊಂದು ಉತ್ತರ. ಹೋಗಿದ್ದೆವು. ಗಾಜಿನ ಹಿಂದೆ ಲಕೋಟಾ ಹೆಂಗಸರ ಮಣಿಕೆಲಸ ಎಷ್ಟು ಚೆಂದ ಇತ್ತು ಅಂದರೆ ನಮ್ಮ ಅಮ್ಮ ಕಸೂತಿ ನೋಡುವ ಹಾಗೆ ಮೂಗು ಗಾಜಿಗೆ ಒತ್ತಿ ನೋಡಿದರು. ಆದರೆ ಬೀದಿಯಲ್ಲಿ ಜನ ಕಿಕ್ಕಿರಿದಿದ್ದರು, ಮ್ಯೂಸಿಯಂನಲ್ಲಿ ಆ ಹೊತ್ತಿಗೆ ಇದ್ದವರು ನಾವು ಐದು ಜನ. ಜನ ಇರುವ ಕಡೆ ಒಂದು ಕಥೆ, ಜನ ಇಲ್ಲದ ಕಡೆ ಇನ್ನೊಂದು.

ನಾನೇನು ಸಾಚಾ ಊರಿಂದ ಬಂದವಳಲ್ಲ. ನಮ್ಮ ಕೆಜಿಎಫ್‌ಗೆ ಬರುವವರಿಗೂ ನಾವು ಮೊದಲು ತೋರಿಸುವುದು ಬ್ರಿಟಿಷರ ಬಂಗಲೆ, ಕ್ಲಬ್ಬು, ಮಿನಿ ಇಂಗ್ಲೆಂಡ್ ಅನ್ನೋ ಹೆಮ್ಮೆ. ತಟ್ಟಿ ಮನೆಗಳ ಸಾಲಿನಲ್ಲಿ ಒಂದೇ ಕೋಣೆಯಲ್ಲಿ ಎಂಟು ಜನ ಬದುಕಿದ್ದು, ಕೆಳಗೆ ಬಂಡೆ ಸಿಡಿದಾಗ ಮೇಲೆ ಹೆಂಗಸರು ಗಣಿ ಬಾಯಿಯ ಹತ್ತಿರ ಓಡುತ್ತಿದ್ದದ್ದು, ಇದೆಲ್ಲ ಪ್ರವಾಸಿಗರ ಪಟ್ಟಿಯಲ್ಲಿ ಇಲ್ಲ. ಅಪ್ಪ ಅದನ್ನು ಹೇಳಿ ನಗುತ್ತಾರೆ. "ಬಂದವರೆಲ್ಲ ದೊರೆ ಮನೆ ನೋಡ್ತಾರೆ, ನಮ್ಮ ಲೈನ್ ಕಡೆ ಒಬ್ಬನೂ ಬರಲ್ಲ."

ಮರುದಿನ ನಿಮ್ಮ ಪಕ್ಕದ ಲೀಡ್ ಊರಿಗೆ ಹೋದೆವು, ಹೋಮ್‌ಸ್ಟೇಕ್ ಗಣಿ ನೋಡಲು. ಅಪ್ಪನಿಗೆ ಅದು ಅಣ್ಣತಮ್ಮಂದಿರ ಮನೆ ಇದ್ದ ಹಾಗೆ. ಇದು 2002ರಲ್ಲಿ ಮುಚ್ಚಿತು, ನಮ್ಮದಕ್ಕಿಂತ ಒಂದೇ ವರ್ಷ ತಡ. ಇದು ಎಂಟು ಸಾವಿರ ಅಡಿ ಆಳ, ನಮ್ಮದು ಅದಕ್ಕಿಂತಲೂ ಆಳ. "ಇಲ್ಲಿ ನಾವೇ ಜಾಸ್ತಿ" ಅಂತ ಅಪ್ಪನಿಗೆ ಖುಷಿಯೋ ಖುಷಿ. ನ್ಯೂಟ್ರಿನೊ ಅನ್ನುವ ಕಣಗಳನ್ನು ಹುಡುಕಲು ವಿಜ್ಞಾನಿಗಳು ಇಳಿದದ್ದು ಇಲ್ಲೂ ಅದೇ ಅರವತ್ತರ ದಶಕದಲ್ಲಿ, ಕೋಲಾರದಲ್ಲೂ ಅದೇ ದಶಕದಲ್ಲಿ. ಒಂದೇ ಒಂದು ಲೆಕ್ಕದಲ್ಲಿ ಅವರು ಮುಂದೆ. ಹೋಮ್‌ಸ್ಟೇಕ್‌ನಿಂದ ಸುಮಾರು ನಾಲ್ಕು ಕೋಟಿ ಔನ್ಸ್ ಚಿನ್ನ ಬಂದಿದೆ. ಅಪ್ಪ ಬೆರಳಲ್ಲೇ ಗುಣಿಸಿ, ಸಾವಿರದ ಇನ್ನೂರು ಟನ್ ಮೇಲಾಯ್ತಲ್ಲಮ್ಮಾ ಅಂದರು. ಬಾಯಿ ತೆರೆದು ನಿಂತ ಆ ದೊಡ್ಡ ಹೊಂಡದ ಅಂಚಿನ ಕಂಬಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಆಮೇಲೆ ಮತ್ತೆ ಅದೇ ಪ್ರಶ್ನೆ. "ಇದರಲ್ಲಿ ಅವರಿಗೇನು ಕೊಟ್ರು?"

ಅವರಿಗೇನು ಕೊಟ್ಟರು ಅನ್ನುವುದನ್ನೂ ನಿಮ್ಮ ಕೋರ್ಟೇ ಬರೆದಿದೆ. ಸೂ ಜನ 1923ರಲ್ಲೇ ಕೇಸು ಹಾಕಿದರು. ತೀರ್ಪು ಬಂದದ್ದು 1980ರ ಜೂನ್ 30ರಂದು, ನಿಮ್ಮ ಸುಪ್ರೀಂ ಕೋರ್ಟಿನಿಂದ. 57 ವರ್ಷ. ನಮ್ಮ ದೇಶದ ಸಿವಿಲ್ ಕೇಸುಗಳನ್ನು ನೋಡಿ ನಗುವವರು ಇದನ್ನೂ ನೋಡಲಿ. ಎಂಟು ಮಂದಿ ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಒಂದು ಕಡೆ. ನೆಲ ತೆಗೆದುಕೊಂಡದ್ದಕ್ಕೆ ನ್ಯಾಯವಾದ ಪರಿಹಾರ ಕೊಟ್ಟೇ ಇಲ್ಲ ಅಂದರು. 1877ರ ಬೆಲೆ ಒಂದು ಕೋಟಿ 71 ಲಕ್ಷ ಡಾಲರ್, ಅದರ ಮೇಲೆ ನೂರಕ್ಕೆ ಐದರಂತೆ ಬಡ್ಡಿ, ಒಟ್ಟು ಹತ್ತು ಕೋಟಿ ಡಾಲರ್ ದಾಟಿತು. ಇದಕ್ಕಿಂತ ಕೊಳೆತ, ನಾಚಿಕೆಗೆಟ್ಟ ವ್ಯವಹಾರ ನಮ್ಮ ಇತಿಹಾಸದಲ್ಲಿ ಬಹುಶಃ ಸಿಗಲಾರದು ಎಂಬ ಅರ್ಥದ ಕೆಳಗಿನ ಕೋರ್ಟಿನ ಮಾತನ್ನು ಆ ತೀರ್ಪಿನಲ್ಲೇ ಎತ್ತಿ ಹೇಳಿದ್ದಾರೆ.

ಲಕೋಟಾ ಜನ ಆ ದುಡ್ಡು ಮುಟ್ಟಿಲ್ಲ. ಮೂಗಿಗೆ ತುಪ್ಪ ಬೇಡ, ನೆಲ ಕೊಡಿ ಅಂದರು. ದುಡ್ಡು ಖಜಾನೆಯಲ್ಲೇ ಬೆಳೆದು ಈಗ ನೂರು ಕೋಟಿ ಡಾಲರ್ ದಾಟಿದೆ. ಅತ್ತ ಅದೇ ಜನರ ಮೀಸಲು ಪ್ರದೇಶಗಳು ಅಮೆರಿಕದ ತೀರಾ ಬಡ ಜಾಗಗಳಲ್ಲಿ ಸೇರಿವೆ. 2012ರಲ್ಲಿ ಬೆಟ್ಟದ ನಡುವೆ ಅವರು ಪೂಜ್ಯ ಅಂತ ನಡೆದುಕೊಳ್ಳುವ ಪೆ ಸ್ಲಾ ಅನ್ನುವ ಹುಲ್ಲುಗಾವಲು ಮಾರಾಟಕ್ಕೆ ಬಂದಾಗ, ಹಲವು ಬುಡಕಟ್ಟುಗಳು ಸೇರಿ 90 ಲಕ್ಷ ಡಾಲರ್ ಒಟ್ಟುಮಾಡಿ ಕೊಂಡರು. ಪೂರ್ತಿ ಯೋಚಿಸಿ ನೋಡಿ. ತಮ್ಮದೇ ದೇವರ ಜಾಗವನ್ನು ದುಡ್ಡು ಕೊಟ್ಟು ಕೊಂಡರು.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು, "ಕೋರ್ಟು ತಪ್ಪು ಅಂದ ಮೇಲೂ ಖಾತೆ ಬದಲಾಗಲಿಲ್ವಾ?" ಇಲ್ಲಪ್ಪಾ ಅಂದೆ.

ಹಾಗಾದರೆ ನಿಮ್ಮಿಂದ ನನಗೇನು ಬೇಕು? ನೆಲ ವಾಪಸ್ ಕೊಡುವ ಅಧಿಕಾರ ನಾಟಕದವರಿಗೆ ಇಲ್ಲ ಅಂತ ನನಗೆ ಗೊತ್ತು. ನಾಟಕ ನಿಲ್ಲಿಸಿ ಅಂತಲೂ ಕೇಳುವುದಿಲ್ಲ, ನನ್ನ ಮಗಳೇ ಜಗಳ ತೆಗೆಯುತ್ತಾಳೆ. ನಾನು ಕೇಳುವುದು ಐದು ನಿಮಿಷ. ಆ ನಿರೂಪಕರ ಅರ್ಧ ವಾಕ್ಯವನ್ನು ಐದು ನಿಮಿಷದ ಒಂದು ದೃಶ್ಯ ಮಾಡಿ. ತೀರ್ಪು ಬಂದು ಚಪ್ಪಾಳೆ ಬಿದ್ದ ಕೂಡಲೇ, ಜನ ಏಳುವ ಮೊದಲು, ಒಬ್ಬರು ಎದ್ದು ನಿಂತು ಈ ಕೋರ್ಟು ಯಾರ ನೆಲದ ಮೇಲೆ ಕೂತಿದೆ ಅಂತ ಕೇಳಲಿ. ನ್ಯಾಯಾಧೀಶರ ಪಾತ್ರಧಾರಿಗೆ ಉತ್ತರ ತೋಚದೆ ಇರಲಿ. 1868ರ ಕಾಗದ ಓದಲಿ, ಆ ಎರಡು ತಾರೀಕುಗಳನ್ನು ಒಟ್ಟಿಗೆ ಹೇಳಲಿ, ಫೆಬ್ರವರಿ 28, ಮಾರ್ಚ್ 1. ನಾಟಕದ ದೃಷ್ಟಿಯಿಂದಲೂ ಇದು ನಿಮ್ಮ ಕೈಯಲ್ಲೇ ಇರುವ ಒಳ್ಳೆಯ ತಿರುವು. ಈಗಿನ ಮುಕ್ತಾಯ ಸಪ್ಪೆ, ಬೇಜಾರು ಮಾಡಿಕೊಳ್ಳಬೇಡಿ.

ಆ ಐದು ನಿಮಿಷವನ್ನು ನೀವೇ ಬರೆಯಬೇಡಿ. ನಿಮ್ಮ ರಾಜ್ಯದಲ್ಲೇ ಲಕೋಟಾ ಜನರ ಪೈನ್ ರಿಜ್ ಇದೆ, ರೋಸ್‌ಬಡ್ ಇದೆ, ಶಾಯೆನ್ ನದಿಯ ಮೀಸಲು ಪ್ರದೇಶ ಇದೆ. ಅಲ್ಲಿ ಬರೆಯುವವರಿದ್ದಾರೆ, ನಟಿಸುವವರಿದ್ದಾರೆ. ಅವರನ್ನು ಕರೆಯಿರಿ, ಕೂಲಿ ಕೊಡಿ, ಏನು ಹೇಳಬೇಕು ಅನ್ನುವುದನ್ನು ಅವರಿಗೇ ಬಿಡಿ. ಗರಿ ಚುಚ್ಚಿಕೊಂಡು ಬೀದಿಯಲ್ಲಿ ಸಾಯುವ ಪಾತ್ರ ಕೊಡಲು ಕರೆಯಬೇಡಿ ಮಾತ್ರ. ಅವರು ಬರುವುದಿಲ್ಲ ಅಂದರೆ ಅದೂ ಒಂದು ಉತ್ತರವೇ, ಹಾಗಂತ ವೇದಿಕೆಯ ಮೇಲೆ ಹೇಳಿ. ಕತ್ತರಿಸಿದ ತಲೆಯನ್ನು ತೋರಿಸಬೇಕು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ತೋರಿಸಬೇಡಿ. ಆ 250 ಡಾಲರಿನ ಘೋಷಣೆಯನ್ನು ಮಾತ್ರ ಒಬ್ಬರು ಜೋರಾಗಿ ಓದಿದರೆ ಸಾಕು.

ಆಗದ ಕೆಲಸ ಏನಲ್ಲ. ನಿಮ್ಮ ಬೆಟ್ಟಸಾಲಿನ ಅತಿ ಎತ್ತರದ ಶಿಖರಕ್ಕೆ ಬಹಳ ಕಾಲ ಜನರಲ್ ಹಾರ್ನಿಯ ಹೆಸರಿತ್ತು. 1855ರಲ್ಲಿ ಬ್ಲೂ ವಾಟರ್ ಹಳ್ಳದ ಹತ್ತಿರ ಲಕೋಟಾ ಬಿಡಾರದ ಮೇಲೆ ಬಿದ್ದು ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದ ಸೈನ್ಯದ ಮುಖಂಡ ಅವನು. 2016ರಲ್ಲಿ ಆ ಹೆಸರು ತೆಗೆದು, ಲಕೋಟಾ ಗುರುವೊಬ್ಬರ ಹೆಸರಿನಲ್ಲಿ, ಬ್ಲ್ಯಾಕ್ ಎಲ್ಕ್ ಶಿಖರ ಅಂತ ಮಾಡಿದರು. ಆಗಲೂ ಬೇಡ ಅಂತ ಗಲಾಟೆ ಆಗಿತ್ತಂತೆ. ನಾವು ಹತ್ತಿದ ದಿನ ಮೇಲೆ ಕಾಲಿಡಲು ಜಾಗ ಇರಲಿಲ್ಲ.

ನಮ್ಮ ಕನ್ನಡದವರಿಗೂ ಒಂದು ಮಾತು. ಮುಂದಿನ ಬೇಸಿಗೆಗೆ ಬ್ಲ್ಯಾಕ್ ಹಿಲ್ಸ್ ಹೊರಡುವವರು ಹೋಗಿ, ಮಕ್ಕಳಿಗೆ ನಕ್ಷತ್ರ ಚುಚ್ಚಿಸಿ, ಜ್ಯೂರಿಗೂ ಕಳಿಸಿ. ನಾಟಕ ಮುಗಿದ ಮೇಲೆ ಎದ್ದು ಓಡಬೇಡಿ. ಜಡ್ಜ್ ವೇಷದವರು ಬಾಗಿಲ ಹತ್ತಿರ ನಿಂತಿರುತ್ತಾರೆ, ಒಳ್ಳೆಯ ಮನುಷ್ಯರು, ಮಾತಾಡಿಸಿ. ಖಾತೆ ಯಾರ ಹೆಸರಲ್ಲಿದೆ ಅಂತ ಕೇಳಿ. ನಮ್ಮ ಇಂಗ್ಲಿಷಿನಲ್ಲಿ ಕೇಳಿದರೂ ಅರ್ಥ ಆಗುತ್ತದೆ.

ಮಾನ್ಯರೇ, ಅಪ್ಪ ಊರಿಗೆ ವಾಪಸ್ ಹೋಗಿದ್ದಾರೆ. ಫೋನಿನಲ್ಲಿ ವಾರಕ್ಕೊಂದು ಸಲ ಕೇಳುತ್ತಾರೆ, ಆ ನಾಟಕದವರಿಗೆ ಬರೆದ್ಯಾ ಅಂತ. ಇವತ್ತು ಬರೆದೆ. ಮಗಳ ತಗಡಿನ ನಕ್ಷತ್ರ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಆಯಸ್ಕಾಂತದಿಂದ ಅಂಟಿಕೊಂಡಿದೆ, ಅದರ ಕೆಳಗೆ ಅವಳೇ ಒಂದು ಚೀಟಿಯಲ್ಲಿ 'ಲೆಕ್ಕಕ್ಕಿಲ್ಲ' ಅಂತ ಕನ್ನಡದಲ್ಲಿ ಬರೆದು ಸಿಕ್ಕಿಸಿದ್ದಾಳೆ. ಕಾಗುಣಿತದಲ್ಲಿ ಎರಡು ತಪ್ಪಿತ್ತು, ತಿದ್ದಿಲ್ಲ.

ಜೂನ್ ಕೊನೆಯ ವಾರ ನಾವು ಮತ್ತೆ ಬರುತ್ತೇವೆ. ಉತ್ತರ ಬರೆಯುವುದಾದರೆ ಅವಳ ಹೆಸರಿಗೇ ಬರೆಯಿರಿ, ವಿಳಾಸ ಇಂಗ್ಲಿಷ್ ಪ್ರತಿಯಲ್ಲಿದೆ.

ಇಂತಿ,
ನಿಮ್ಮ ಜ್ಯೂರಿಯೊಬ್ಬಳ ತಾಯಿ